ವೈನ್ ಪೆಟ್ಟಿಗೆಯಲ್ಲಿ ಇನ್ಸುಲಿನ್

ಬೆಂಗಳೂರಿನಿಂದ ಹೊಸೂರಿಗೆ ಬರುವವರಿಗೆ ಜೂಜುವಾಡಿ ಎಂದರೆ ಅತ್ತಿಬೆಲೆ ದಾಟಿದೊಡನೆ ಸಿಗುವ ಚೆಕ್‌ಪೋಸ್ಟು, ಲಾರಿಗಳ ಸಾಲು, ನಾಮಫಲಕಗಳ ಲಿಪಿ ಬದಲಾಗುವ ಒಂದು ತಾಣ. ಅದು ಜನ ವಾಸಿಸುವ ಊರೂ ಹೌದೆಂಬುದು ಅವರ ಗಮನಕ್ಕೆ ಬರುವುದು ಕಡಿಮೆ. ಇಂಥ ಊರಿನಲ್ಲಿ, ಜೀವಮಾನವಿಡೀ ಕನ್ನಡ ಶಾಲೆಯ ಮಕ್ಕಳಿಗೆ ಕಾಗುಣಿತ ತಿದ್ದಿಸಿದ ಒಬ್ಬ ಮೇಷ್ಟ್ರ ಅಡುಗೆಮನೆಯ ಕಟ್ಟೆಯ ಮೇಲೆ ವೈನ್ ಬಾಟಲಿ ಇಡುವ ಪುಟ್ಟ ಫ್ರಿಜ್ಜೊಂದು ನಾಲ್ಕು ವರ್ಷಗಳಿಂದ ಕುಳಿತಿದೆ. ಕಪ್ಪು ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಬಾಟಲಿಗಳನ್ನು ಮಲಗಿಸಲು ಆರು ತಂತಿಯ ತೊಟ್ಟಿಲುಗಳು. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅವನೂ ತಾತನಾಗಿದ್ದಾನೆ, "ಮೇಷ್ಟ್ರೇ, ಇದು ಯಾವಾಗಿನಿಂದ?" ಎಂದು ಬಹಳ ಸಂಕೋಚದಿಂದ ಕೇಳಿದ. ಬಾಗಿಲು ತೆರೆದು ತೋರಿಸಿದೆ. ಒಳಗಿದ್ದದ್ದು ಎರಡು ಇನ್ಸುಲಿನ್ ಪೆನ್ನುಗಳು, ಒಂದು ಕಣ್ಣಿನ ಹನಿಯೌಷಧ, ಮತ್ತು ನನ್ನ ಮಡದಿ ಯಾರಿಗೂ ತಿಳಿಯದಂತೆ ಇಟ್ಟುಕೊಂಡಿದ್ದ ಒಂದು ಮೊಳ ಮಲ್ಲಿಗೆ.

ಪೆಟ್ಟಿಗೆ ನಾವು ಕೊಂಡದ್ದಲ್ಲ. ಮಗನು ಕೆಲಸದ ಮೇಲೆ ಹೊರದೇಶಕ್ಕೆ ಹೊರಟಾಗ ಬೆಂಗಳೂರಿನ ತನ್ನ ಫ್ಲ್ಯಾಟನ್ನು ಖಾಲಿ ಮಾಡಿದನು. ಮಂಚ, ಮೇಜುಗಳೆಲ್ಲ ವಿಲೇವಾರಿಯಾದವು. ಸಹೋದ್ಯೋಗಿಗಳು ಉಡುಗೊರೆಯಾಗಿ ಕೊಟ್ಟಿದ್ದ ಈ ಪೆಟ್ಟಿಗೆಯನ್ನು ಮಾರಲು ಅವನಿಗೆ ಮನಸ್ಸಾಗಲಿಲ್ಲ. "ಅಪ್ಪಾ, ಅಮ್ಮನ ಇನ್ಸುಲಿನ್ನಿಗೆ ಆಗಬಹುದು, ನೋಡಿ" ಎಂದು ಕಾರಿನಲ್ಲಿ ತಂದಿಟ್ಟು ಹೋದನು. ಆಗಬಹುದು ಎಂಬುದಕ್ಕೂ ಆಗುತ್ತದೆ ಎಂಬುದಕ್ಕೂ ನಡುವೆ ಇರುವ ಅಂತರವನ್ನು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಊರಿನ ಹೆಸರಿನಲ್ಲಿ ಜೂಜು ಇದೆ. ಆದರೆ ಇಪ್ಪತ್ತು ವರ್ಷಗಳಿಂದ ಸೂಜಿಯ ಮೇಲೆ ಬದುಕುತ್ತಿರುವವಳ ಔಷಧದ ವಿಷಯದಲ್ಲಿ ಜೂಜಾಡುವಂತಿಲ್ಲ.

ಇನ್ನೊಂದು ವಿಚಾರವೂ ಆಗ ನನಗೆ ನೆನಪಾಯಿತು. ನಮ್ಮ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ರಾಜಾಜಿ. ಅವರು ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದಾಗ, 1937ರ ಅಕ್ಟೋಬರ್ 1ರಂದು, ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ತಮ್ಮ ಸೇಲಂ ಜಿಲ್ಲೆಯಲ್ಲಿ. ಹೊಸೂರು ಆಗ ಸೇಲಂ ಜಿಲ್ಲೆಯದೇ ತಾಲ್ಲೂಕು. ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿಯಾದದ್ದು 2004ರಲ್ಲಿ. ನಮ್ಮ ತಂದೆಯ ಕಾಲದವರು ರಾಜಾಜಿಯ ಹೆಸರನ್ನು ಹೇಳುವಾಗ ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಳ್ಳುತ್ತಿದ್ದರು. ಅಂಥ ನೆಲದಲ್ಲಿ ವೈನ್ ಪೆಟ್ಟಿಗೆ! ಆದರೆ ಅದರೊಳಗೆ ವೈನ್ ಇಲ್ಲವಾದ್ದರಿಂದ ರಾಜಾಜಿಯವರ ಆತ್ಮಕ್ಕೆ ತೊಂದರೆಯಾಗಿರಲಾರದು.

ವೈನಿಗೆಂದು ಬೇರೆ ಫ್ರಿಜ್ಜು ಏಕೆ ಬೇಕೆಂದು ನಾನೂ ಓದಿ ತಿಳಿದುಕೊಂಡೆ. ಮನೆಯ ಫ್ರಿಜ್ಜು ನಾಲ್ಕೈದು ಡಿಗ್ರಿಯಲ್ಲಿರುತ್ತದೆ. ದ್ರಾಕ್ಷಾರಸಕ್ಕೆ ಅಷ್ಟು ಚಳಿ ಸಲ್ಲದು. ಅದಕ್ಕೆ ಬೇಕಾದದ್ದು ಹನ್ನೆರಡು ಹದಿಮೂರು ಡಿಗ್ರಿಯ ಆಸುಪಾಸು, ಅದಕ್ಕಿಂತ ಮುಖ್ಯವಾಗಿ ಏರಿಳಿತವಿಲ್ಲದ ತಂಪು, ಕತ್ತಲೆ, ಅಲುಗಾಟವಿಲ್ಲದ ಸ್ಥಳ. ಬಾಟಲಿಯನ್ನು ಮಲಗಿಸುವುದು ಬಿರಡೆ ಒಣಗಿ ಬಿರಿಯದಿರಲೆಂದು. ಯುರೋಪಿನವರು ಇದಕ್ಕಾಗಿ ನೆಲಮಾಳಿಗೆ ತೋಡಿದರು. ಇದು ನಮಗೆ ತಿಳಿಯದ ವಿದ್ಯೆಯೇನೂ ಅಲ್ಲ. ನಮ್ಮ ಸೀಮೆಯ ರಾಗಿ ಬೆಳೆಯುವ ಊರುಗಳಲ್ಲಿ ಹಗೇವುಗಳಿದ್ದವು. ನೆಲವನ್ನು ಅಗೆದು, ಒಳಗೋಡೆಯನ್ನು ಒಣಗಿಸಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ಬರಗಾಲ ಬರುವವರೆಗೂ ಕಾಳು ಕೆಡುತ್ತಿರಲಿಲ್ಲ. ಮೇಲೆ ಎಷ್ಟು ಬಿಸಿಲಿದ್ದರೂ ಭೂಮಿಯ ಒಳಗೆ ಅದೇ ಹದ. ಆಯುರ್ವೇದದವರು ದ್ರಾಕ್ಷಾರಿಷ್ಟ ಮಾಡುವಾಗ ಹುದುಗಲು ಇಟ್ಟ ಮಡಕೆಯನ್ನು ಧಾನ್ಯದ ರಾಶಿಯೊಳಗೆ ಹೂಳುತ್ತಿದ್ದುದೂ ಹದವು ಹೆಚ್ಚು ಕಡಿಮೆಯಾಗದಿರಲೆಂದೇ. ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾರಿಷ್ಟ ಕುಡಿಯುವ ನಮ್ಮ ಹಿರಿಯರಿಗೆ ವೈನಿನ ಪರಿಚಯ ಅವರಿಗೇ ತಿಳಿಯದಂತೆ ಇತ್ತು ಎಂದು ನಾನು ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ.

ದ್ರಾಕ್ಷಿ ಕೂಡ ದೂರದ್ದಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಸಿಪ್ಪೆ ದಪ್ಪವಾದ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೇ ಇದೆ. ನಂದಿಬೆಟ್ಟದ ತಪ್ಪಲಿನಲ್ಲಿ ವೈನಿನ ತೋಟಗಳಿವೆ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ಹೊರಡಿಸಿತು. ಇರಲಿ, ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ.

ನಾನು ಬಿ.ಎ. ಓದಿದವನು, ವಿಜ್ಞಾನದವನಲ್ಲ. ಆದರೂ ಈ ಯಂತ್ರದ ಒಳಗುಟ್ಟು ತಿಳಿದಾಗ ಸಂತೋಷವಾಯಿತು. ದೊಡ್ಡ ಫ್ರಿಜ್ಜಿನಲ್ಲಿರುವಂತೆ ಇದರಲ್ಲಿ ಕಂಪ್ರೆಸರ್ ಇಲ್ಲ, ಅನಿಲವಿಲ್ಲ, ಗುಡುಗುಟ್ಟುವ ಸದ್ದಿಲ್ಲ. ಬಿಸ್ಕತ್ತಿನಷ್ಟು ಅಗಲದ ಒಂದು ಬಿಲ್ಲೆ ಇದೆ. ಅದರ ಮೂಲಕ ನೇರ ವಿದ್ಯುತ್ತು ಹರಿದಾಗ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಕಾಯುತ್ತದೆ. ಎರಡು ಲೋಹಗಳು ಕೂಡುವ ಕಡೆ ಹೀಗಾಗುವುದನ್ನು 1834ರಲ್ಲಿ ಕಂಡವನು ಫ್ರಾನ್ಸಿನ ಪೆಲ್ಟಿಯೆ, ಗಡಿಯಾರದ ಕಸುಬಿನಿಂದ ಬಂದವನು. ನಾಲ್ಕು ವರ್ಷಗಳ ತರುವಾಯ ಲೆಂಜ್ ಎಂಬ ವಿಜ್ಞಾನಿ ಇದೇ ಉಪಾಯದಿಂದ ಒಂದು ಹನಿ ನೀರನ್ನು ಹೆಪ್ಪುಗಟ್ಟಿಸಿ ತೋರಿಸಿದನು. ಕಾದ ಮುಖದ ಶಾಖವನ್ನು ಹೊರಕ್ಕೆ ದೂಡಲು ಬೆನ್ನಿಗೊಂದು ಪುಟ್ಟ ಫ್ಯಾನು. ಬಿಲ್ಲೆ, ಫ್ಯಾನು, ವಿದ್ಯುತ್ತನ್ನು ಇಳಿಸಿಕೊಡುವ ಒಂದು ಹಲಗೆ, ಇಷ್ಟೇ ಸಂಸಾರ. ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಇದು ಇಂತಿಷ್ಟೇ ಡಿಗ್ರಿಗೆ ತಣಿಸುತ್ತೇನೆಂದು ಪ್ರತಿಜ್ಞೆ ಮಾಡಲಾರದು. ಕೋಣೆಯ ಉಷ್ಣತೆಗಿಂತ ಹದಿನೈದೋ ಇಪ್ಪತ್ತೋ ಡಿಗ್ರಿ ಕೆಳಗೆ ಇಳಿಸುತ್ತದೆ, ಅಷ್ಟೇ. ಕೋಣೆ ಕಾದರೆ ಪೆಟ್ಟಿಗೆಯೂ ಕಾಯುತ್ತದೆ.

ಆದುದರಿಂದ ಮುಂಭಾಗದ ಪರದೆಯ ಮೇಲೆ 8 ಎಂದು ಗುಂಡಿ ಒತ್ತಿ ನಿಶ್ಚಿಂತೆಯಿಂದಿರುವ ಬದಲು, ಒಂದು ಥರ್ಮಾಮೀಟರನ್ನು ನೀರು ತುಂಬಿದ ಸಣ್ಣ ಸೀಸೆಯಲ್ಲಿಟ್ಟು ಒಳಗೆ ನಿಲ್ಲಿಸಿದೆ. ಗಾಳಿಯ ಉಷ್ಣತೆ ಬಾಗಿಲು ತೆರೆದೊಡನೆ ಬದಲಾಗುತ್ತದೆ, ದ್ರವದ್ದು ಹಾಗಲ್ಲ. ಔಷಧವೂ ದ್ರವವೇ ತಾನೆ. ಹಾಜರಿ ಪುಸ್ತಕದಂತೆ ಒಂದು ನೋಟುಬುಕ್ಕಿಗೆ ಗೆರೆ ಎಳೆದು, ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಬರೆಯತೊಡಗಿದೆ. ಮೂರು ತಿಂಗಳವರೆಗೆ ಔಷಧವನ್ನು ಅದರೊಳಗೆ ಇಡಲು ಬಿಡಲಿಲ್ಲ. "ನೀವು ಹೀಗೆ ಗಳಿಗೆಗೊಮ್ಮೆ ಬಾಗಿಲು ತೆರೆದರೆ ಅದು ಹೇಗೆ ತಣ್ಣಗಿರುತ್ತದೆ ರೀ?" ಎಂದು ಮಡದಿ ಆಕ್ಷೇಪಿಸಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಗಾಜಿನ ಹೊರಗಿನಿಂದಲೇ ಓದಲು ಬರುವಂತೆ ಸೀಸೆಯನ್ನು ಮುಂದಕ್ಕೆ ಸರಿಸಿದೆ. ಡಿಸೆಂಬರಿನ ಮುಂಜಾವುಗಳಲ್ಲಿ ಒಳಗೆ 9, 10 ಡಿಗ್ರಿ. ಫೆಬ್ರವರಿಯಲ್ಲಿ 12. ಏಪ್ರಿಲ್ಲಿನ ಮಧ್ಯಾಹ್ನ, ತಾರಸಿಯ ಶಾಖ ಕೆಳಗಿಳಿದು ಅಡುಗೆಮನೆ 33ಕ್ಕೆ ಏರಿದಾಗ, ಪರದೆಯು 8ಕ್ಕೆ ಹೊಂದಿಸಿದ್ದರೂ ಸೀಸೆಯ ನೀರು 17. ಹೊಸೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಷ್ಟಾದರೂ ಆಯಿತು. ಇದೇ ಪೆಟ್ಟಿಗೆಯನ್ನು ಬಯಲಿನ ಊರಿನಲ್ಲಿಟ್ಟಿದ್ದರೆ ಇನ್ನೂ ನಾಲ್ಕೈದು ಡಿಗ್ರಿ ಮೇಲಿರುತ್ತಿತ್ತು.

ಈ ಅಂಕಿಗಳನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋದೆ. ಅವರು ನೋಟುಬುಕ್ಕನ್ನು ಪುಟಪುಟವಾಗಿ ತಿರುವಿ ನೋಡಿದರು. ಇನ್ಸುಲಿನ್ನಿನ ಮಾತು ಎರಡು ಬಗೆಯದು. ಇನ್ನೂ ತೆರೆಯದಿರುವುದು 2ರಿಂದ 8 ಡಿಗ್ರಿಯೊಳಗೆ ಇರಲೇಬೇಕು. ಬಳಕೆಗೆ ತೆಗೆದದ್ದು ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಉಳಿಯುತ್ತದೆ, ಆದರೆ ಆ ಕೋಣೆ 25 ಅಥವಾ 30 ಡಿಗ್ರಿಯನ್ನು ಮೀರಬಾರದು. ಎಷ್ಟೆಂಬುದು ಆಯಾ ಔಷಧದ ಚೀಟಿಯಲ್ಲಿ ಇರುತ್ತದೆ. ಕಾಯುವುದಕ್ಕಿಂತ ಹೆಪ್ಪುಗಟ್ಟುವುದು ಇನ್ನೂ ಕೆಟ್ಟದ್ದು. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಯಾರೋ ಮುತುವರ್ಜಿಯಿಂದ ಸೀಸೆಯನ್ನು ಐಸಿನ ಖಾನೆಯ ಪಕ್ಕಕ್ಕೇ ಇಟ್ಟರು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇತ್ತು, ಚುಚ್ಚಿಕೊಂಡದ್ದೂ ಆಯಿತು, ಸಕ್ಕರೆ ಮಾತ್ರ ಇಳಿಯಲಿಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದರು.

ಹೀಗಾಗಿ ನಮ್ಮ ಮನೆಯಲ್ಲಿ ಒಂದು ವಿಭಾಗ ಪತ್ರವಾಯಿತು. ತೆರೆಯದ ಪೆನ್ನುಗಳು ದೊಡ್ಡ ಫ್ರಿಜ್ಜಿನ ನಡುವಿನ ಅಂತಸ್ತಿನಲ್ಲಿ, ಹಿಂಗೋಡೆಗೆ ತಾಗದಂತೆ ಒಂದು ಡಬ್ಬಿಯೊಳಗೆ. ಬಳಕೆಯಲ್ಲಿರುವ ಎರಡು ಮಾತ್ರ ವೈನ್ ಪೆಟ್ಟಿಗೆಯಲ್ಲಿ. ಅಡುಗೆಮನೆಯ 33 ಡಿಗ್ರಿಗೆ ಹೋಲಿಸಿದರೆ 17 ಎಂಬುದು ಸ್ವರ್ಗ. ಹೆಪ್ಪುಗಟ್ಟುವ ಭಯ ಈ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಅಷ್ಟು ಶಕ್ತಿಯಿಲ್ಲ. ವೈನಿಗೆಂದು ಮಾಡಿದ ಯಂತ್ರದ ದೌರ್ಬಲ್ಯವೇ ನಮಗೆ ಅನುಕೂಲವಾಯಿತು. ದೊಡ್ಡ ಫ್ರಿಜ್ಜಿನಿಂದ ಆಗತಾನೆ ತೆಗೆದ ಔಷಧದಂತೆ ಇದು ಚರ್ಮಕ್ಕೆ ಚುರುಗುಟ್ಟುವುದಿಲ್ಲ ಎಂದೂ ಮಡದಿ ಹೇಳಿದಳು.

ಎರಡನೆಯ ವರ್ಷದ ಮೇ ತಿಂಗಳ ಒಂದು ಬೆಳಗ್ಗೆ ಅವಳು ಪೆನ್ನನ್ನು ಕೈಗೆತ್ತಿಕೊಂಡು ನಿಂತುಬಿಟ್ಟಳು. "ರೀ, ಇದು ಬೆಚ್ಚಗಿದೆ" ಎಂದಳು. ನಾನು ಓಡಿಬಂದು ನೋಡಿದರೆ ದೀಪ ಉರಿಯುತ್ತಿದೆ, ಪರದೆ ಹೊಳೆಯುತ್ತಿದೆ, ಸೀಸೆಯ ಥರ್ಮಾಮೀಟರು 38 ತೋರಿಸುತ್ತಿದೆ. ರಾತ್ರಿ ಒಂಬತ್ತಕ್ಕೆ ನಾನೇ 17 ಎಂದು ಬರೆದಿದ್ದೆ. ಬೆನ್ನಿಗೆ ಕಿವಿಗೊಟ್ಟರೆ ನಿಶ್ಶಬ್ದ. ಫ್ಯಾನು ನಿಂತಿತ್ತು, ಬಿಲ್ಲೆ ನಿಂತಿರಲಿಲ್ಲ. ಹೊರಹೋಗಲು ದಾರಿಯಿಲ್ಲದ ಶಾಖ ಬಿಲ್ಲೆಯ ಮೂಲಕವೇ ಒಳಕ್ಕೆ ತಿರುಗಿತ್ತು. ತಂಪಿನ ಪೆಟ್ಟಿಗೆ ರಾತ್ರಿಯಿಡೀ ಒಲೆಯ ಕೆಲಸ ಮಾಡಿತ್ತು. ಆ ಎರಡು ಪೆನ್ನುಗಳನ್ನು ವೈದ್ಯರ ಸಲಹೆಯಂತೆ ಎಸೆದೆವು. ದೊಡ್ಡ ಫ್ರಿಜ್ಜಿನಲ್ಲಿ ಹೊಸವು ಇದ್ದುದರಿಂದ ಅಂದಿನ ಔಷಧ ತಪ್ಪಲಿಲ್ಲ. ಅವಳ ಕೈಗೆ ಬಿಸಿ ತಿಳಿಯದೆ ಹೋಗಿದ್ದರೆ, ಆ ಶಕ್ತಿಗುಂದಿದ ಔಷಧವನ್ನೇ ವಾರಗಟ್ಟಲೆ ಚುಚ್ಚಿಕೊಳ್ಳುತ್ತಿದ್ದೆವಲ್ಲಾ ಎಂಬ ಯೋಚನೆ ನನ್ನನ್ನು ಹಲವು ರಾತ್ರಿ ನಿದ್ರೆಗೆಡಿಸಿತು. ಸಕ್ಕರೆ ಕಾಯಿಲೆ ಬಹಳ ದಿನ ಇದ್ದವರಿಗೆ ಬೆರಳ ತುದಿಯ ಸ್ಪರ್ಶಜ್ಞಾನವೇ ಮಂಕಾಗುವುದುಂಟು.

ತಯಾರಿಸಿದ ಕಂಪನಿಯ ಸೇವಾ ಕೇಂದ್ರಕ್ಕೆ ಫೋನು ಮಾಡಿದೆ. ಆ ಮಾದರಿಯನ್ನು ನಿಲ್ಲಿಸಲಾಗಿದೆ, ಬಿಡಿಭಾಗವಿಲ್ಲ, ರಿಯಾಯಿತಿಯಲ್ಲಿ ಹೊಸದನ್ನು ಕೊಳ್ಳಬಹುದು ಎಂಬ ಉತ್ತರ ಬಂತು. ನಾಲ್ಕು ವರ್ಷವೂ ತುಂಬದ ವಸ್ತುವಿಗೆ ಬಿಡಿಭಾಗವಿಲ್ಲವೆಂದರೆ ಅದನ್ನು ವಸ್ತು ಎನ್ನಬೇಕೋ ಬೇಡವೋ ನನಗೆ ತಿಳಿಯದು. ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೊಸೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹುಡುಗ ಗಿರಾಕಿಯೊಬ್ಬರಿಗೆ ತಮಿಳಿನಲ್ಲಿ ಉತ್ತರಿಸಿ, ತೆಲುಗಿನಲ್ಲಿ ಫೋನು ಮುಗಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಸಾರ್, ಇದು ಫ್ರಿಜ್ಜೇ ಅಲ್ಲ, ಕಂಪ್ಯೂಟರಿಗೆ ತಮ್ಮ" ಎಂದನು. ನಮ್ಮ ಹೊಸೂರು ಎಂದರೆ ಇದೇ. ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ ಫ್ಯಾನೊಂದನ್ನು ಅಳತೆ ನೋಡಿ ಕೂರಿಸಿದನು. ಬಿಲ್ಲೆಯ ಬೆನ್ನಿನಲ್ಲಿ ಒಣಗಿದ್ದ ಶಾಖವಾಹಕ ಲೇಪವನ್ನು ಕೆರೆದು ಹೊಸದನ್ನು ಸವರಿದನು. ಹಳೆಯ ಫ್ಯಾನಿನ ರೆಕ್ಕೆಗಳಲ್ಲಿ ಒಗ್ಗರಣೆಯ ಎಣ್ಣೆ, ಹೆದ್ದಾರಿಯ ಧೂಳು ಎರಡೂ ಸೇರಿ ಮೇಣದಂತೆ ಮೆತ್ತಿದ್ದವು. ಮುನ್ನೂರೈವತ್ತು ರೂಪಾಯಿಗೆ ಪೆಟ್ಟಿಗೆ ಮರುಜನ್ಮ ಪಡೆಯಿತು. ಒಲೆಯಿಂದ ದೂರ, ಗೋಡೆಯಿಂದ ಒಂದು ಗೇಣು ಮುಂದೆ ಇಡಬೇಕೆಂದು ಹೇಳಿ ಕಳುಹಿಸಿದನು.

ವಿದ್ಯುತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೊಡ್ಡ ಫ್ರಿಜ್ಜು ತಣ್ಣಗಾದ ಮೇಲೆ ವಿಶ್ರಮಿಸುತ್ತದೆ, ಇದಕ್ಕೆ ಬೇಸಗೆಯಲ್ಲಿ ವಿಶ್ರಾಂತಿಯಿಲ್ಲ. 50 ವ್ಯಾಟಿನಂತೆ ಹಗಲಿರುಳು ಓಡಿದರೆ ದಿನಕ್ಕೆ 1.2 ಯೂನಿಟ್, ಎರಡು ತಿಂಗಳಿಗೆ 72. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ. ಆ ಉಚಿತದಲ್ಲಿ ಮುಕ್ಕಾಲು ಪಾಲನ್ನು ಈ ಪುಟ್ಟ ಪೆಟ್ಟಿಗೆಯೇ ನುಂಗುತ್ತದೆ. ಗಾತ್ರ ನೋಡಿ ಖರ್ಚನ್ನು ಊಹಿಸುವವರು ಇದನ್ನು ಗಮನಿಸಬೇಕು. ನಿರ್ವಹಣೆಗೆಂದು ತಿಂಗಳಿಗೊಮ್ಮೆ ಹಗಲಿಡೀ ವಿದ್ಯುತ್ ನಿಲ್ಲಿಸುವ ದಿನ ಇನ್ನೊಂದು ಪಾಡು. ದೊಡ್ಡ ಫ್ರಿಜ್ಜು ಬಾಗಿಲು ತೆರೆಯದಿದ್ದರೆ ಮೂರು ನಾಲ್ಕು ಗಂಟೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಒಂದೆರಡು ಗಂಟೆಯಲ್ಲೇ ಕೋಣೆಯ ಸಮಕ್ಕೆ ಬರುತ್ತದೆ, ಕರೆಂಟಿಲ್ಲದಾಗ ಅದೇ ಬಿಲ್ಲೆ ಶಾಖವನ್ನು ಒಳಕ್ಕೆ ಬಿಡುವ ಕಿಟಕಿಯಾಗುತ್ತದೆ.

ಆ ದಿನಗಳಿಗಾಗಿ ಮಡದಿ ತನ್ನ ತವರಿನ ಕ್ರಮವನ್ನು ಹೊರತೆಗೆದಳು. ಮರಳು ಹಾಸಿದ ಅಗಲ ಬಾಯಿಯ ಮಡಕೆ, ಅದರೊಳಗೆ ಇನ್ನೊಂದು ಚಿಕ್ಕದು, ನಡುವಿನ ಮರಳಿಗೆ ನೀರು, ಮೇಲೆ ಒದ್ದೆ ಬಟ್ಟೆ. ಚಿಕ್ಕ ಮಡಕೆಯೊಳಗೆ ಪೆನ್ನುಗಳು ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ. ನಾನು ಅಲ್ಲಿಯೂ ಥರ್ಮಾಮೀಟರ್ ಇಟ್ಟೆ. ಏಪ್ರಿಲ್ಲಿನ ಒಣಗಾಳಿಯಲ್ಲಿ 24, 25. ಮಳೆಗಾಲದ ತೇವದಲ್ಲಿ ಅಷ್ಟು ಇಳಿಯುವುದಿಲ್ಲ, ನೀರು ಆವಿಯಾದರಲ್ಲವೇ ತಂಪು. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಹಗಲಿರುಳು 25ರಿಂದ 37ರವರೆಗೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇನ್ಸುಲಿನ್ ಶಕ್ತಿಗುಂದದೆ ಉಳಿಯುವುದೆಂದು ಜಿನೀವಾದ ವಿಜ್ಞಾನಿಗಳೂ ಗಡಿಯಿಲ್ಲದ ವೈದ್ಯರ ಸಂಸ್ಥೆಯವರೂ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿದೆ. ಫ್ರಿಜ್ಜಿಲ್ಲದ ಬಡವರಿಗೆ ಇದು ದೊಡ್ಡ ಸಮಾಧಾನ. ಆದರೂ ನಮ್ಮ ವೈದ್ಯರು, "ಅನುಕೂಲವಿರುವವರು ಚೀಟಿಯಲ್ಲಿ ಬರೆದಂತೆಯೇ ನಡೆಯಿರಿ" ಎಂದರು. ಹಾಗೆಯೇ ನಡೆಯುತ್ತಿದ್ದೇವೆ.

ಪೆಟ್ಟಿಗೆಯನ್ನು ನಂಬಬಹುದೇ ಎಂದು ಸಂಘದ ಮಿತ್ರರಿಬ್ಬರು ಕೇಳಿದ್ದುಂಟು, ಅವರ ಮನೆಗಳಲ್ಲೂ ಸೂಜಿಯಿದೆ. ಒಳಗೆ ಬೇರೆ ಥರ್ಮಾಮೀಟರ್ ಇಟ್ಟವರು ನಂಬಬಹುದು, ಪರದೆಯ ಅಂಕಿಯನ್ನು ಮಾತ್ರ ಓದುವವರು ನಂಬಬಾರದು ಎಂದೆ. ಅವರಲ್ಲೊಬ್ಬರು ಥರ್ಮಾಮೀಟರನ್ನು ಮಾತ್ರ ಕೊಂಡು ಮಡಕೆಯಲ್ಲಿಟ್ಟಿದ್ದಾರೆ.

ನೋಟುಬುಕ್ಕು ಈಗ ಮೂರನೆಯದು. ಬೆಳಗಿನ ಅಂಕಿಯನ್ನು ಕೆಲವು ತಿಂಗಳಿಂದ ಮಡದಿಯೇ ಬರೆಯುತ್ತಾಳೆ, ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಬೇಸಗೆಗೆ ಇನ್ನು ಎರಡು ತಿಂಗಳಿದೆ. ಅದೇ ಅಳತೆಯ ಫ್ಯಾನೊಂದನ್ನು ಆ ಹುಡುಗನಿಂದ ಮುಂಚಿತವಾಗಿ ತಂದು ಬೀರುವಿನಲ್ಲಿಟ್ಟಿದ್ದೇನೆ.