ಸೊಂಟ ಹಿಡಿದವರಿಗೆ ಚಾಪೆಯ ಸಾಧನೆ

ಸೊಂಟ ಹಿಡಿದರೆ ಹಾಸಿಗೆಯೇ ಗತಿಯೆಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಆದರೆ ಬಹುದಿನ ಮಲಗಿದ ಮೈ ಬಲವನ್ನೂ ಧೈರ್ಯವನ್ನೂ ಕಳೆದುಕೊಳ್ಳುವುದು. ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ಎಂಬವರು ಬಾಲ್ಯದಲ್ಲಿ ರೋಗಪೀಡಿತರು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲರ ಸೆರೆಶಿಬಿರದಲ್ಲಿದ್ದಾಗಲೂ ಅಂಗಸಾಧನೆಯನ್ನು ಬಿಡದೆ, ಉಸಿರಿನೊಡನೆ ಚಲನೆಯನ್ನು ಹೊಂದಿಸುವ ಕ್ರಮವೊಂದನ್ನು ಬೆಳೆಸಿದರು. ಇಂದು ಅದಕ್ಕೆ ಅವರದೇ ಹೆಸರು.

ಅಂಕೋಲೆಯ ನಮ್ಮ ಸೋದರತ್ತೆಯವರು ಬಿದ್ದು ತಿಂಗಳುಗಟ್ಟಲೆ ಮಲಗಿದ್ದರು. ಇನ್ನು ಅಂಗಳಕ್ಕೂ ಇಳಿಯಲಾರೆನೆಂಬ ಚಿಂತೆ ಅವರದು. ಕಾರವಾರದ ವೈದ್ಯರ ಅಪ್ಪಣೆಯಂತೆ ಈ ಸಾಧನೆಗೆ ತೊಡಗಿದರು: ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲನೆ ಒಳಗೆಳೆದು, ಒಂದೊಂದೇ ಪಾದವನ್ನೆತ್ತಿ ಇಳಿಸುವುದು. ಬೆನ್ನಿಗೆ ಆಸರೆಯಾದ ಒಳಸ್ನಾಯುಗಳಿಗೆ ಇದರಿಂದ ಬಲ. ನೋವು ಪೂರ್ತಿ ಹೋಗಿಲ್ಲ. ಆದರೂ ತುಳಸಿಕಟ್ಟೆಗೆ ಈಗ ತಾವೇ ನಡೆದುಹೋಗುತ್ತಾರೆ.

ವೈದ್ಯರನ್ನು ಕೇಳದೆ ತೊಡಗಬಾರದು. ನೋವು ಹೆಚ್ಚಿದರೆ ನಿಲ್ಲಿಸಬೇಕು. ಹಿರಿಯರಿರುವ ಮನೆಯವರು ಇಷ್ಟನ್ನು ನೆನಪಿಡಲಿ.