ಮೋಡೆಮ್, ಮಳೆ ಮತ್ತು ಒಂದು ಕಾಲುಸಂಕ

ನಮ್ಮ ತಾಲ್ಲೂಕಿನಲ್ಲಿ ಬ್ರಾಡ್‌ಬ್ಯಾಂಡ್ ಆಗಿನ್ನೂ ಪೇಟೆ ದಾಟಿರಲಿಲ್ಲ. ಹಳ್ಳಿಯಿಂದ ಸುದ್ದಿ ಕಳಿಸಲು ನನಗಿದ್ದದ್ದು ಲ್ಯಾಂಡ್‌ಲೈನ್, ಒಂದು ಮೋಡೆಮ್, ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರ್. ಕನೆಕ್ಟ್ ಆಗದಿದ್ದಾಗಲೆಲ್ಲ ಬರುತ್ತಿದ್ದ ಸಲಹೆ ಒಂದೇ: "ಲಿನಕ್ಸ್ ತೆಗೀರಿ ಸಾರ್, ವಿಂಡೋಸ್ ಹಾಕಿಸಿ." ಎರಡು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ ಬೇರೆ. ತೊಂದರೆ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುವುದು ಲಿನಕ್ಸೇ.

ಮೊದಲು ಮೋಡೆಮ್. ಕಂಪ್ಯೂಟರಿನ ಒಳಗೇ ಕೂರಿಸಿ ಕೊಡುತ್ತಿದ್ದ ಅಗ್ಗದ ಮೋಡೆಮ್‌ಗಳಲ್ಲಿ ಹೆಚ್ಚಿನವು 'ವಿನ್‌ಮೋಡೆಮ್'. ಅದರ ಅರ್ಧ ಕೆಲಸವನ್ನು ಮಾಡುವುದು ವಿಂಡೋಸ್‌ನ ಡ್ರೈವರ್. ಲಿನಕ್ಸ್‌ಗೆ ಡ್ರೈವರ್ ಸಿಗದಿದ್ದರೆ ಅದು ಬರೀ ತಗಡು. ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಗಿನ ಮೋಡೆಮ್‌ಗೆ ಈ ರಗಳೆಯಿಲ್ಲ. ಸೆಕೆಂಡ್ ಹ್ಯಾಂಡ್ ಒಂದು ತಂದೆ. 'ಡಬ್ಲ್ಯುವಿಡಯಲ್‌ಕಾನ್ಫ್' ಎಂಬ ಆಜ್ಞೆ ಅದನ್ನು ಹುಡುಕಿ ಸೆಟ್ಟಿಂಗ್ ಬರೆದಿಟ್ಟಿತು. ನಂಬರು, ಯೂಸರ್‌ನೇಮ್, ಪಾಸ್‌ವರ್ಡ್ ಮಾತ್ರ ನಾನು ತುಂಬಿದೆ.

ಆಮೇಲೆ ಪರದೆಯ ಮೇಲೆ ಬರುವುದನ್ನು ಓದಬೇಕು. 'ನೋ ಡಯಲ್‌ಟೋನ್' ಅಂದರೆ ಫೋನ್ ಎತ್ತಿ ಕೇಳಿ. ಟೋನ್ ಇದ್ದೂ ಮೋಡೆಮ್‌ಗೆ ಗುರುತು ಸಿಗದಿದ್ದರೆ ಇನಿಟ್ ಸಾಲಿಗೆ 'ಎಕ್ಸ್3' ಸೇರಿಸಿ. ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಕನೆಕ್ಟ್ ಆಗಿಯೂ ಪೇಜ್ ತೆರೆಯದಿದ್ದರೆ ಯಾವುದಾದರೂ ಐಪಿ ವಿಳಾಸಕ್ಕೆ ಪಿಂಗ್ ಮಾಡಿ. ಅದಕ್ಕೆ ಉತ್ತರ ಬಂದು, ಸೈಟಿನ ಹೆಸರಿಗೆ ಬರದಿದ್ದರೆ ಡಿಎನ್ಎಸ್ ತೊಂದರೆ, 'ರಿಸಾಲ್ವ್.ಕಾನ್ಫ್' ಫೈಲಿನಲ್ಲಿ ನೇಮ್‌ಸರ್ವರ್ ಇದೆಯೇ ನೋಡಿ.

ಒಂದು ಜುಲೈನಲ್ಲಿ ಇದೆಲ್ಲ ಸರಿಯಿತ್ತು. ಆದರೂ ಸಂಪರ್ಕ ನಡುವೆಯೇ ಕಡಿಯುತ್ತಿತ್ತು. ಹಳ್ಳದ ಕಾಲುಸಂಕ ಕೊಚ್ಚಿಹೋಗಿ ಆಚೆ ಕೇರಿಯ ಮಕ್ಕಳು ಶಾಲೆಗೆ ಬರುವುದು ನಿಂತಿತ್ತು. ಆ ಫೋಟೋ ಹೋಗಬೇಕಿತ್ತು. ಮೋಡೆಮ್ ಮೇಲೆ 56ಕೆ ಎಂದು ಬರೆದಿದ್ದರೂ ವಿ.90 ಮೋಡೆಮ್‌ನಲ್ಲಿ ನಾವು ಕಳಿಸುವಾಗ ಸಿಗುವುದು ಹೆಚ್ಚೆಂದರೆ 33.6ಕೆ. 1 ಎಂಬಿ ಫೋಟೋಗೆ ಏನಿಲ್ಲವೆಂದರೂ 4 ನಿಮಿಷ ಬೇಕು. ನಮ್ಮ ಲೈನ್ ಮೂರು ನಿಮಿಷವೂ ನಿಲ್ಲುತ್ತಿರಲಿಲ್ಲ. ಕೊನೆಗೆ ಫೋಟೋ ಬಸ್ಸಿನಲ್ಲಿ ಕವರ್ ಆಗಿ ಹೋಯಿತು, ಸುದ್ದಿ ಮೂರನೇ ದಿನ ಬಂತು.

ದೂರು ಕೊಟ್ಟರೆ "ನಿಮ್ಮ ಕಂಪ್ಯೂಟರೇ ಸರಿಯಿಲ್ಲ" ಎಂಬ ಉತ್ತರ. ಆದರೆ ಪಿಪಿಪಿ ಲಾಗ್‌ನಲ್ಲಿ ಪ್ರತಿ ಸಲವೂ 'ಮೋಡೆಮ್ ಹ್ಯಾಂಗಪ್' ಎಂದಿತ್ತು, ಜೊತೆಗೆ ದಿನಾಂಕ, ಗಂಟೆ, ಎಷ್ಟು ನಿಮಿಷ ನಿಂತಿತ್ತು ಎಂಬ ಲೆಕ್ಕ. ಹನ್ನೊಂದು ದಿನದ್ದನ್ನು ಪ್ರಿಂಟ್ ತೆಗೆಸಿ, ಮಳೆ ಬಂದ ದಿನಗಳಿಗೆ ಗೆರೆ ಎಳೆದು ಮೇಜಿನ ಮೇಲಿಟ್ಟೆ. ಮಳೆಯಿಲ್ಲದ ಎರಡು ದಿನ ಲೈನ್ ಕಡಿದೇ ಇರಲಿಲ್ಲ. ಮರುದಿನ ಲೈನ್‌ಮನ್ ಬಂದರು. ರಸ್ತೆ ಬದಿಯ ಪೆಟ್ಟಿಗೆ ತೆರೆದರೆ ಒಳಗೆ ನೀರು.

ಅದೇ ಪೆಟ್ಟಿಗೆಯಿಂದ ಇನ್ನೂ ಹತ್ತು ಮನೆಗಳಿಗೆ ಫೋನ್ ಹೋಗುತ್ತಿತ್ತು. ಮಳೆಗಾಲ ಅಂದ್ಮೇಲೆ ಹೀಗೇ ಎಂದುಕೊಂಡು ಯಾರೂ ದೂರು ಕೊಟ್ಟಿರಲಿಲ್ಲ. ಹಾಗಾಗಿ ಹಳ್ಳಿಯಲ್ಲಿರುವ ಗೆಳೆಯರೇ, ಲಾಗ್ ಅಳಿಸಬೇಡಿ. ಮತ್ತೆ, ಗುಡುಗು ಶುರುವಾದರೆ ಸುದ್ದಿ ಎಷ್ಟೇ ದೊಡ್ಡದಿರಲಿ, ಮೊದಲು ಮೋಡೆಮ್‌ನಿಂದ ಫೋನಿನ ವೈರ್ ಕೀಳಿ.