ತಗಡಿನ ಮೇಲಿನ ಮಳೆ

ಪ್ರವಾಸ ಹೊರಟವರು ಕೋಟೆಗಳನ್ನೋ ಜಲಪಾತಗಳನ್ನೋ ಅರಸುವುದು ವಾಡಿಕೆ. ಅಮೆರಿಕದ ಒಹಾಯೊ ಪ್ರಾಂತದ ಕೊಲಂಬಸ್ ನಗರದಲ್ಲಿದ್ದ ಆ ಗೃಹಸ್ಥ ಅರಸುತ್ತಿದ್ದುದು ಹಳೆಯ ಪಾನಗೃಹಗಳನ್ನು! ಕುಡುಕನೆಂದು ಯಾರೂ ಭಾವಿಸಬಾರದು. ಒಂದೇ ಲೋಟವನ್ನು ಮುಂದಿಟ್ಟುಕೊಂಡು ಎರಡು ಗಂಟೆ ಕಾಲ ಗೋಡೆ, ಸೂರು, ಕಂಬಗಳನ್ನು ನೋಡುತ್ತ ಕೂರುವ ಜಾತಿ. ಪರಿಚಾರಕರು ಬಂದರೆ ಅವನದು ಒಂದೇ ಪ್ರಶ್ನೆ: “ಇದು ಹಳೆಯದೋ, ಹೊಸದೋ?” ಕಾರು ನಡೆಸಿಕೊಂಡು ಬಂದ ಬಾಲ್ಯಮಿತ್ರ ಎದುರಿಗೆ ಕುಳಿತು ಆಕಳಿಸುತ್ತಿದ್ದ.

ಆ ಪಾನಗೃಹಗಳಿಗೆ ‘ಟಿಕಿ’ ಎಂಬ ಹೆಸರು ಬಂದದ್ದು ಪಾಲಿನೇಷ್ಯದ ದ್ವೀಪವಾಸಿಗಳು ಮರದಲ್ಲಿಯೂ ಕಲ್ಲಿನಲ್ಲಿಯೂ ಕಡೆಯುವ ಮೂರ್ತಿಗಳಿಂದ. 1933ರಲ್ಲಿ ಅಮೆರಿಕದ ಪಾನನಿರೋಧ ರದ್ದಾದ ಬೆನ್ನಿಗೇ ಅರ್ನೆಸ್ಟ್ ಗ್ಯಾಂಟ್ ಎಂಬ ಅಲೆಮಾರಿ ಹಾಲಿವುಡ್ಡಿನಲ್ಲಿ ಪುಟ್ಟ ಅಂಗಡಿಯೊಂದನ್ನು ಹಿಡಿದು, ಬಿದಿರು, ಬಲೆಗಳಿಂದ ಸಿಂಗರಿಸಿ, ರಮ್ಮಿಗೆ ಹಣ್ಣಿನ ರಸ ಬೆರೆಸಿ ಮಾರತೊಡಗಿದ. ಗಿರಾಕಿಗಳು ಹೊರಡುವ ಸೂಚನೆ ಕಂಡರೆ ತಗಡಿನ ಮಾಡಿನ ಮೇಲೆ ನೀರು ಬಿಡಿಸುತ್ತಿದ್ದನಂತೆ. ಮಳೆ ಬಂತೆಂದು ಅವರು ಇನ್ನೊಂದು ಲೋಟ ತರಿಸಬೇಕು! ಎರಡನೆಯ ಮಹಾಯುದ್ಧದ ಸೈನಿಕರು ಪೆಸಿಫಿಕ್ ದ್ವೀಪಗಳಿಂದ ಮರಳಿದ ಮೇಲಂತೂ ಈ ಮೋಹ ದೇಶವನ್ನೆಲ್ಲ ವ್ಯಾಪಿಸಿತು.

“ಎಲ್ಲ ಸುಳ್ಳಲ್ಲವೆ? ಯಾರದೋ ದೇವರನ್ನು ತಂದು ಹೆಂಡದ ಲೋಟಕ್ಕೆ ಕೆತ್ತುವುದೆ?” ಎಂದು ಮಿತ್ರ ಹಂಗಿಸುತ್ತಿದ್ದ. ಮಾತು ಅನ್ಯಾಯದ್ದೇನೂ ಅಲ್ಲ.

“ಸುಳ್ಳೇ ಹೌದು. ಆದರೆ ನಮ್ಮ ಅಪ್ಪಂದಿರು ಪ್ರೀತಿಯಿಂದ ನಂಬಿದ ಸುಳ್ಳು.”

ಅವರ ಊರಿನಲ್ಲಿಯೇ ‘ಕಹೀಕಿ’ ಇತ್ತು. 1961ರಲ್ಲಿ ತೆರೆದದ್ದು. ಯುದ್ಧನೌಕೆಯ ಆಕಾರದ ಚಾವಣಿ, ಒಳಗೆ ಬಾಯಲ್ಲಿ ಬೆಂಕಿ ಉರಿಯುವ ದೈತ್ಯಮುಖ, ಗಾಜಿನಾಚೆ ಗುಡುಗುಸಹಿತ ಕೃತಕ ಮಳೆ. ಹತ್ತನೆಯ ಹುಟ್ಟುಹಬ್ಬಕ್ಕೆ ತಂದೆ ಅವನನ್ನು ಅಲ್ಲಿಗೇ ಕರೆದೊಯ್ದಿದ್ದ. 1997ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೂ ಸೇರಿತು. ಪಟ್ಟಿ ಕಟ್ಟಡವನ್ನು ಉಳಿಸೀತೆ? 2000ದಲ್ಲಿ ಕೆಡವಿ, ಆ ಜಾಗದಲ್ಲಿ ಔಷಧದಂಗಡಿ ಕಟ್ಟಿದರು. ಕೆಡವಿದ ದಿನ ಅವನು ಬೀದಿಯ ಆಚೆಬದಿಯಲ್ಲಿ ಸಂಜೆಯವರೆಗೂ ನಿಂತಿದ್ದ. ಊರೂರು ಅಲೆಯುವ ಹುಚ್ಚು ಹತ್ತಿದ್ದು ಆಮೇಲೆ.

ಫ್ಲಾರಿಡದ ಫೋರ್ಟ್ ಲಾಡರ್‌ಡೇಲಿನಲ್ಲಿ 1956ರಿಂದಲೂ ನಡೆಯುತ್ತಿದ್ದ ‘ಮೈ-ಕೈ’ಯೊಂದು ಬಾಕಿ ಇತ್ತು. ದಾರಿ ಎರಡು ದಿನದ್ದು. “ಬರುವ ವರ್ಷ ಹೋಗೋಣ” ಎಂದು ಮಿತ್ರ ಮೂರು ಸಲ ಮುಂದೂಡಿದ. 2020ರ ಅಕ್ಟೋಬರಿನಲ್ಲಿ ಆ ಹುಸಿಮಳೆಯ ಮನೆಗೆ ನಿಜವಾದ ಮಳೆಯೇ ನುಗ್ಗಿ, ಅಡುಗೆಮನೆಯ ಕಡೆಯ ಮಾಡು ಕುಸಿದು, ಬಾಗಿಲು ಮುಚ್ಚಿತು. ರಿಪೇರಿಯ ಸುದ್ದಿಯನ್ನು ಅವನು ಆಸ್ಪತ್ರೆಯ ಹಾಸಿಗೆಯಲ್ಲಿಯೂ ವಿಚಾರಿಸುತ್ತಿದ್ದ. 2022ರ ಚಳಿಗಾಲದಲ್ಲಿ ತೀರಿಕೊಂಡ.

ಬಾಗಿಲು ಮತ್ತೆ ತೆರೆದದ್ದು 2024ರ ನವೆಂಬರಿನಲ್ಲಿ. ಮಿತ್ರ ಒಬ್ಬನೇ ಎರಡು ದಿನ ಕಾರು ನಡೆಸಿಕೊಂಡು ಹೋದ. ಕಿಟಕಿಯ ಗಾಜಿನ ಮೇಲೆ ಕೃತಕ ಮಳೆ ಇಳಿಯುತ್ತಿತ್ತು. ಲೋಟದಲ್ಲಿನ ಮಂಜುಗಡ್ಡೆ ಕರಗಿ ನೀರಾಯಿತು. ಪರಿಚಾರಕಿ ಬಂದು ಇನ್ನೇನು ಬೇಕೆಂದಾಗ ಅವನು ಪಕ್ಕದ ಮರದ ಕಂಬದ ಮೇಲೆ ಕೈಯಿಟ್ಟು ಕೇಳಿದ:

“ಇದು ಹಳೆಯದೋ, ಹೊಸದೋ?”